ಹಿರಿಯ ಜನಪ್ರತಿನಿಧಿಯೊಬ್ಬರ ನುಡಿನಮನ: ಶೋಕಾಚರಣೆಯ ನಿಯಮವೆಷ್ಟು, ನಮ್ಮ ವಿವೇಚನೆಯೆಷ್ಟು?

ಪ್ರಶ್ನೆ ಕೇಳಿದವರು: ಬಳಗದ ಕಾರ್ಯದರ್ಶಿ

ಮಾನ್ಯ ಸದಸ್ಯರೇ,

ನಮ್ಮ ಕ್ಷೇತ್ರವನ್ನು ಐದು ಅವಧಿಗೆ ವಿಧಾನಸಭೆಯಲ್ಲಿ ಪ್ರತಿನಿಧಿಸಿ, ಒಮ್ಮೆ ಸಚಿವರೂ ಆಗಿದ್ದ ಹಿರಿಯರೊಬ್ಬರು ಕಳೆದ ವಾರ ತೀರಿಕೊಂಡರು. ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಬರೆದರೆ ಚರ್ಚೆ ಅವರ ಪಕ್ಷದ ಸುತ್ತಲೇ ಸುತ್ತತೊಡಗುತ್ತದೆ ಎಂಬುದು ನನ್ನ ಭಯ. ಸಕಲ ಸರ್ಕಾರಿ ಗೌರವಗಳೊಂದಿಗೆ ಅಂತ್ಯಕ್ರಿಯೆ ನಡೆಯಿತು. ಪೊಲೀಸರು ಗಾಳಿಯಲ್ಲಿ ಗುಂಡು ಹಾರಿಸಿದರು, ಶಾಲೆಗಳಿಗೆ ಅರ್ಧ ದಿನ ರಜೆ ಸಿಕ್ಕಿತು, ಊರ ತುಂಬ ಕಪ್ಪು ಅಂಚಿನ ಫ್ಲೆಕ್ಸುಗಳು ಎದ್ದವು. ಆ ಫ್ಲೆಕ್ಸುಗಳಲ್ಲಿ ಅಗಲಿದವರ ಭಾವಚಿತ್ರಕ್ಕಿಂತ ಶ್ರದ್ಧಾಂಜಲಿ ಕೋರುವವರ ಭಾವಚಿತ್ರಗಳೇ ಹೆಚ್ಚಾಗಿದ್ದವು ಎಂಬುದನ್ನು ನಾನು ಹೇಳಬೇಕಾಗಿಲ್ಲ.

ನಮ್ಮದು ತಾಲ್ಲೂಕಿನ ಸಣ್ಣ ಓದುಗರ ಬಳಗ. ಮುಂದಿನ ತಿಂಗಳು ಒಂದು ನುಡಿನಮನ ಸಭೆ ನಡೆಸಬೇಕೆಂದು ತೀರ್ಮಾನವಾಗಿದ್ದು, ಅದರ ಹೊಣೆ ನನ್ನ ಮೇಲೆ ಬಿದ್ದಿದೆ. ಮೊದಲ ಸಮಿತಿ ಸಭೆಯಲ್ಲಿಯೇ ಮೂರು ಅಭಿಪ್ರಾಯಗಳು ಬಂದವು. ಹಿರಿಯ ಸದಸ್ಯರಿಗೆ ಬಸ್ ನಿಲ್ದಾಣದ ಎದುರಿನ ವೃತ್ತದಲ್ಲಿ ಪ್ರತಿಮೆ ನಿಲ್ಲಿಸುವ ಠರಾವು ಆಗಬೇಕು. ಕಿರಿಯರಿಗೆ ಅವರ ಕಾಲದಲ್ಲಿ ಅರ್ಧಕ್ಕೆ ನಿಂತುಹೋದ ಏತ ನೀರಾವರಿ ಯೋಜನೆಯ ಮಾತು ಸಭೆಯಲ್ಲಿ ಬರಲೇಬೇಕು. ಇನ್ನುಳಿದವರಿಗೆ ಹಾರ, ಎರಡು ನಿಮಿಷ ಮೌನ, ನಾಲ್ಕು ಒಳ್ಳೆಯ ಮಾತು ಸಾಕು.

ನನ್ನ ಸಂದೇಹಗಳು ಹೀಗಿವೆ. ಶೋಕಾಚರಣೆ, ಅರ್ಧಕ್ಕೆ ಇಳಿಸಿದ ಧ್ವಜ, ರಜೆ, ಸರ್ಕಾರಿ ಗೌರವ ಎಂದು ನಾವು ಒಟ್ಟಿಗೆ ಹೇಳುವ ಇವುಗಳಲ್ಲಿ ನಿಯಮವಾಗಿರುವುದು ಯಾವುದು, ಆಯಾ ಸರ್ಕಾರದ ಇಚ್ಛೆಗೆ ಬಿಟ್ಟಿದ್ದು ಯಾವುದು? ನಮ್ಮ ಸಭೆಯಲ್ಲಿ ಅವರ ಭಾವಚಿತ್ರದ ಪೀಠಕ್ಕೆ ತ್ರಿವರ್ಣ ಧ್ವಜ ಹೊದಿಸಬೇಕೆಂದು ಒಬ್ಬರು ಸೂಚಿಸಿದ್ದಾರೆ; ಅದು ಸರಿಯೇ? ಎಲ್ಲಕ್ಕಿಂತ ಮುಖ್ಯವಾಗಿ, ನಾಲ್ಕು ದಶಕ ಸಾರ್ವಜನಿಕ ಜೀವನದಲ್ಲಿದ್ದ ವ್ಯಕ್ತಿಯ ಬಗ್ಗೆ, ಅವರ ಮನೆಯವರು ಮುಂದಿನ ಸಾಲಿನಲ್ಲಿ ಕುಳಿತಿರುವಾಗ, ಸುಳ್ಳಾಡದೆಯೂ ನೋಯಿಸದೆಯೂ ಮಾತನಾಡುವುದು ಹೇಗೆ? ನನ್ನ ತಂದೆಯವರು ಜೀವನಪೂರ್ತಿ ಅವರ ಎದುರು ಪಕ್ಷಕ್ಕೆ ಮತ ಹಾಕಿದವರು. ಸಾವಿನ ಸುದ್ದಿ ಕೇಳಿದ ದಿನ ಮಾತ್ರ ರಾತ್ರಿ ಊಟ ಮಾಡಲಿಲ್ಲ. ಈ ಎರಡನ್ನೂ ಒಂದೇ ಭಾಷಣದಲ್ಲಿ ಹಿಡಿಯುವ ದಾರಿ ನನಗೆ ಕಾಣುತ್ತಿಲ್ಲ.

ಉತ್ತರ 1: ನಿವೃತ್ತ ಗುಮಾಸ್ತ

ಕಾರ್ಯದರ್ಶಿಗಳಿಗೆ ನಮಸ್ಕಾರ. ಜಿಲ್ಲಾ ಕಚೇರಿಯೊಂದರಲ್ಲಿ ಶಿಷ್ಟಾಚಾರದ ಕಡತಗಳನ್ನು ಹಲವು ವರ್ಷ ನೋಡಿಕೊಂಡವನು ನಾನು. ಕೊನೆಯ ಪ್ರಶ್ನೆಗೆ ಉತ್ತರ ಹೇಳುವ ಅರ್ಹತೆ ನನಗಿಲ್ಲ. ಮೊದಲಿನ ಎರಡಕ್ಕೆ ಹೇಳಬಲ್ಲೆ.

ಜನರು ಒಂದೇ ಉಸಿರಿನಲ್ಲಿ ಹೇಳುವ ನಾಲ್ಕು ಸಂಗತಿಗಳು ವಾಸ್ತವವಾಗಿ ಬೇರೆಬೇರೆ ಆದೇಶಗಳಿಂದ ಹುಟ್ಟುತ್ತವೆ. ಧ್ವಜದ ವಿಷಯ ಮಾತ್ರ ಅಕ್ಷರಶಃ ನಿಯಮಬದ್ಧವಾದದ್ದು. 2002ರ ಜನವರಿ 26ರಿಂದ ಜಾರಿಯಲ್ಲಿರುವ ಭಾರತದ ಧ್ವಜ ಸಂಹಿತೆಯಲ್ಲಿ ಯಾರು ನಿಧನರಾದರೆ ಎಲ್ಲೆಲ್ಲಿ ಧ್ವಜವನ್ನು ಅರ್ಧಕ್ಕೆ ಇಳಿಸಬೇಕೆಂಬ ಪಟ್ಟಿಯೇ ಇದೆ. ರಾಷ್ಟ್ರಪತಿ, ಉಪರಾಷ್ಟ್ರಪತಿ, ಪ್ರಧಾನಿ ತೀರಿಕೊಂಡರೆ ದೇಶದಾದ್ಯಂತ. ಲೋಕಸಭಾಧ್ಯಕ್ಷರು ಅಥವಾ ಭಾರತದ ಮುಖ್ಯ ನ್ಯಾಯಮೂರ್ತಿಗಳಾದರೆ ದೆಹಲಿಯಲ್ಲಿ. ಕೇಂದ್ರದ ಸಂಪುಟ ದರ್ಜೆ ಸಚಿವರಾದರೆ ದೆಹಲಿಯಲ್ಲಿಯೂ ರಾಜ್ಯಗಳ ರಾಜಧಾನಿಗಳಲ್ಲಿಯೂ. ರಾಜ್ಯಪಾಲರು ಅಥವಾ ಮುಖ್ಯಮಂತ್ರಿಯಾದರೆ ಆ ರಾಜ್ಯದಾದ್ಯಂತ. ರಾಜ್ಯದ ಸಂಪುಟ ದರ್ಜೆ ಸಚಿವರಾದರೆ ಆ ರಾಜ್ಯದ ರಾಜಧಾನಿಯಲ್ಲಿ. ಈ ಪಟ್ಟಿ ಹುದ್ದೆಯನ್ನು ನೋಡುತ್ತದೆಯೇ ಹೊರತು ವ್ಯಕ್ತಿಯ ಜನಪ್ರಿಯತೆಯನ್ನಲ್ಲ. ಮಾಜಿ ಸಚಿವರು, ಹಾಲಿ ಅಥವಾ ಮಾಜಿ ಶಾಸಕರು ಅದರಲ್ಲಿಲ್ಲ. ಆದರೆ ಸರ್ಕಾರವು ಯಾರಿಗಾದರೂ ಶೋಕಾಚರಣೆಯನ್ನು ಘೋಷಿಸಿದರೆ, ಆ ಅವಧಿಯುದ್ದಕ್ಕೂ ಧ್ವಜ ಅರ್ಧದಲ್ಲಿಯೇ ಹಾರಬೇಕೆಂದು ಅದೇ ಸಂಹಿತೆ ಹೇಳುತ್ತದೆ. ಪ್ರತಿದಿನ ಧ್ವಜ ಹಾರುವ ಕಟ್ಟಡಗಳಿಗೆ ಮಾತ್ರ ಇದು ಅನ್ವಯ.

ಇಳಿಸುವುದಕ್ಕೂ ಒಂದು ಕ್ರಮವಿದೆ, ಮತ್ತು ಅನೇಕ ಕಚೇರಿಗಳಲ್ಲಿ ಅದನ್ನು ತಪ್ಪಾಗಿ ಮಾಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಧ್ವಜವನ್ನು ನೇರವಾಗಿ ಅರ್ಧಕ್ಕೆ ಏರಿಸಿ ಕಟ್ಟಿಬಿಡುವಂತಿಲ್ಲ. ಮೊದಲು ಕಂಬದ ತುದಿಗೆ ಏರಿಸಿ, ಕ್ಷಣಕಾಲ ಅಲ್ಲಿ ನಿಲ್ಲಿಸಿ, ಆಮೇಲೆ ಅರ್ಧಕ್ಕೆ ತರಬೇಕು. ಸಂಜೆ ಇಳಿಸುವ ಮುನ್ನ ಮತ್ತೊಮ್ಮೆ ತುದಿಯವರೆಗೆ ಏರಿಸಬೇಕು. ಸ್ವಾತಂತ್ರ್ಯ ದಿನ, ಗಣರಾಜ್ಯೋತ್ಸವ, ಗಾಂಧಿ ಜಯಂತಿ ಮುಂತಾದ ದಿನಗಳು ಶೋಕದ ಅವಧಿಯ ನಡುವೆ ಬಂದರೆ ಅಂದು ಧ್ವಜ ಪೂರ್ತಿ ಎತ್ತರದಲ್ಲಿಯೇ ಹಾರುತ್ತದೆ; ಪಾರ್ಥಿವ ಶರೀರ ಇರುವ ಕಟ್ಟಡದ ಮೇಲೆ ಮಾತ್ರ, ಅದನ್ನು ಅಲ್ಲಿಂದ ಒಯ್ಯುವವರೆಗೆ, ಅರ್ಧದಲ್ಲಿರುತ್ತದೆ.

ತಮ್ಮ ಪೀಠದ ಪ್ರಶ್ನೆಗೆ ಉತ್ತರ ಸ್ಪಷ್ಟವಾಗಿ ಇಲ್ಲ ಎಂಬುದೇ. ಸರ್ಕಾರಿ, ಸೇನಾ ಹಾಗೂ ಅರೆಸೇನಾ ಪಡೆಗಳ ಅಂತ್ಯಕ್ರಿಯೆಯನ್ನು ಬಿಟ್ಟು ಬೇರೆಲ್ಲಿಯೂ ರಾಷ್ಟ್ರಧ್ವಜವನ್ನು ಹೊದಿಕೆಯಾಗಿ ಬಳಸುವುದು 1971ರ ರಾಷ್ಟ್ರೀಯ ಗೌರವಕ್ಕೆ ಅಪಮಾನ ತಡೆ ಕಾಯ್ದೆಯಡಿ ಅಪರಾಧ. ಆ ಅಂತ್ಯಕ್ರಿಯೆಗಳಲ್ಲಿಯೂ ಕೇಸರಿ ಪಟ್ಟಿ ತಲೆಯ ಕಡೆಗಿರಬೇಕು; ಧ್ವಜವನ್ನು ಗುಂಡಿಗೆ ಇಳಿಸುವಂತಿಲ್ಲ, ಚಿತೆಯ ಮೇಲೆ ಸುಡುವಂತಿಲ್ಲ. ಅದನ್ನು ಮಡಚಿ ಮನೆಯವರ ಕೈಗೆ ಕೊಡುವ ದೃಶ್ಯವನ್ನು ತಾವು ಮೊನ್ನೆ ನೋಡಿರಬಹುದು.

ಉಳಿದ ಮೂರು, ಅಂದರೆ ಶೋಕಾಚರಣೆಯ ದಿನಗಳ ಸಂಖ್ಯೆ, ಸರ್ಕಾರಿ ಗೌರವ ಮತ್ತು ರಜೆ, ಬಹುಮಟ್ಟಿಗೆ ಆಯಾ ಸರ್ಕಾರದ ತೀರ್ಮಾನಗಳು. ಅಟಲ್ ಬಿಹಾರಿ ವಾಜಪೇಯಿ (2018ರ ಆಗಸ್ಟ್ 16), ಪ್ರಣವ್ ಮುಖರ್ಜಿ (2020ರ ಆಗಸ್ಟ್ 31), ಮನಮೋಹನ ಸಿಂಗ್ (2024ರ ಡಿಸೆಂಬರ್ 26) ಈ ಮೂವರಿಗೂ ಏಳು ದಿನಗಳ ರಾಷ್ಟ್ರೀಯ ಶೋಕ ಘೋಷಣೆಯಾಯಿತು. 2024ರ ಡಿಸೆಂಬರ್ 10ರಂದು ಎಸ್.ಎಂ. ಕೃಷ್ಣ ಅವರು ನಿಧನರಾದಾಗ ನಮ್ಮ ರಾಜ್ಯದಲ್ಲಿ ಮೂರು ದಿನಗಳ ಶೋಕಾಚರಣೆಯೂ ಮರುದಿನ ರಜೆಯೂ ಘೋಷಣೆಯಾದವು. ಶೋಕಾಚರಣೆ ಎಂದರೆ ಸರ್ಕಾರಿ ಮನರಂಜನಾ ಕಾರ್ಯಕ್ರಮಗಳು ಇರುವುದಿಲ್ಲ ಎಂದಷ್ಟೇ ಅರ್ಥ. ಖಾಸಗಿ ಮದುವೆಯನ್ನು ಯಾರೂ ತಡೆಯುವಂತಿಲ್ಲ. ರಜೆಗೂ ಶೋಕಕ್ಕೂ ಗಂಟು ಹಾಕಿಲ್ಲ. ಬ್ಯಾಂಕುಗಳು ಮುಚ್ಚಬೇಕಾದರಂತೂ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯಡಿ ಪ್ರತ್ಯೇಕ ಘೋಷಣೆಯೇ ಬೇಕು. ರಜೆ ಸಿಕ್ಕ ದಿನ ನಮ್ಮ ಕಚೇರಿಯಲ್ಲಿ ಯಾರು ಎಷ್ಟು ದುಃಖಿಸಿದರು ಎಂಬುದನ್ನು ನಾನು ಬರೆಯದಿರುವುದೇ ಒಳ್ಳೆಯದು.

ಉತ್ತರ 2: ದಕ್ಷಿಣದ ಬಾಗಿಲು

ಗುಮಾಸ್ತರ ವಿವರಣೆಗೆ ಒಂದು ಸಣ್ಣ ಸೇರ್ಪಡೆ. ಕೆಲಸ ನಿಲ್ಲಿಸುವುದೇ ಗೌರವವೇ ಎಂಬ ಪ್ರಶ್ನೆ ಸಂಸತ್ತಿನಲ್ಲಿಯೂ ಎದ್ದಿತ್ತು. 2017ರ ಜನವರಿ 31ರಂದು ರಾಷ್ಟ್ರಪತಿಯವರ ಭಾಷಣದ ವೇಳೆ ಕೇರಳದ ಹಿರಿಯ ಸಂಸದ ಇ. ಅಹಮದ್ ಅವರು ಕುಸಿದುಬಿದ್ದು, ಮರುದಿನ ನಸುಕಿನಲ್ಲಿ ನಿಧನರಾದರು. ಹಾಲಿ ಸದಸ್ಯರು ತೀರಿಕೊಂಡಾಗ ಸದನವನ್ನು ಅಂದಿಗೆ ಮುಂದೂಡುವುದು ರೂಢಿ. ಆದರೆ ಅದು ಬಜೆಟ್ ಮಂಡನೆಯ ದಿನವಾಗಿತ್ತು. ವಿರೋಧದ ನಡುವೆ ಬಜೆಟ್ ಮಂಡನೆಯಾಯಿತು, ಸದನವನ್ನು ಮರುದಿನ ಮುಂದೂಡಲಾಯಿತು. ಅಂದು ನಡೆದದ್ದು ತಪ್ಪೆಂದು ವಾದಿಸುವವರು ಇಂದಿಗೂ ಇದ್ದಾರೆ, ಮತ್ತು ನಾನೂ ಅವರಲ್ಲೊಬ್ಬ.

ಇದಕ್ಕೆ ವ್ಯತಿರಿಕ್ತವಾದ ಒಂದು ಪ್ರಸಂಗ ಬ್ರೆಜಿಲ್ ದೇಶದ್ದು. ಹತ್ತು ವರ್ಷ ಅಲ್ಲಿನ ವಿದೇಶಾಂಗ ಸಚಿವರಾಗಿದ್ದ ಬ್ಯಾರನ್ ರಿಯೊ ಬ್ರಾಂಕೊ 1912ರ ಫೆಬ್ರುವರಿಯಲ್ಲಿ, ಕಾರ್ನಿವಲ್ ಹಬ್ಬದ ಹೊಸ್ತಿಲಲ್ಲಿ ತೀರಿಕೊಂಡರು. ಸರ್ಕಾರ ಶೋಕದ ಸಲುವಾಗಿ ಹಬ್ಬವನ್ನು ಏಪ್ರಿಲ್ ತಿಂಗಳಿಗೆ ಮುಂದೂಡಿತು. ರಿಯೊ ನಗರದ ಜನರು ಫೆಬ್ರುವರಿಯಲ್ಲಿಯೂ ಹಬ್ಬ ಮಾಡಿದರು, ಏಪ್ರಿಲ್‌ನಲ್ಲಿಯೂ ಮಾಡಿದರು. ಅದೇ ವ್ಯಕ್ತಿಗಾಗಿ ಪೋರ್ಚುಗಲ್ ದೇಶದ ಸೆನೆಟ್ ಹತ್ತು ನಿಮಿಷಗಳ ಮೌನ ಆಚರಿಸಿತು. ಸಾರ್ವಜನಿಕ ಮೌನಾಚರಣೆಯ ಮೊದಮೊದಲ ಉದಾಹರಣೆಗಳಲ್ಲಿ ಅದನ್ನು ಎಣಿಸುತ್ತಾರೆ. ಆದೇಶದ ಮೂಲಕ ಹಬ್ಬವನ್ನೂ ನಿಲ್ಲಿಸಲಾಗಲಿಲ್ಲ, ಯಾರ ಆದೇಶವೂ ಇಲ್ಲದ ಮೌನವಾದರೋ ರೂಢಿಯಾಗಿ ಉಳಿಯಿತು.

ಉತ್ತರ 3: ತವರಿನ ಪತ್ರ

ನಾನು ಈ ಪ್ರಶ್ನೆಯನ್ನು ಮುಂದಿನ ಸಾಲಿನಲ್ಲಿ ಕುಳಿತವಳಾಗಿ ನೋಡುತ್ತೇನೆ. ನಮ್ಮ ತಂದೆಯವರು ಶಾಸಕರೋ ಸಚಿವರೋ ಆಗಿರಲಿಲ್ಲ. ತಾಲ್ಲೂಕು ಮತ್ತು ಜಿಲ್ಲಾ ಮಟ್ಟದಲ್ಲಿ ಇಪ್ಪತ್ತೈದು ವರ್ಷ ಚುನಾಯಿತ ಪ್ರತಿನಿಧಿಯಾಗಿದ್ದರು. ಅವರು ತೀರಿಕೊಂಡಾಗ ಮೊದಲ ಎರಡು ಗಂಟೆ ಮಾತ್ರ ಅವರು ನಮ್ಮವರಾಗಿದ್ದರು. ಆಮೇಲೆ ಪೆಂಡಾಲಿನವರು ಬಂದರು, ಮೈಕಿನವರು ಬಂದರು, ಶರೀರವನ್ನು ಪಕ್ಷದ ಕಚೇರಿಗೆ ಮೊದಲು ಒಯ್ಯಬೇಕೋ ಶಾಲಾ ಮೈದಾನಕ್ಕೋ ಎಂದು ಅಂಗಳದಲ್ಲಿ ವಾದ ನಡೆಯಿತು. ನಮ್ಮ ತಾಯಿಯವರನ್ನು ಯಾರೂ ಕೇಳಲಿಲ್ಲ. ಅಂತಿಮ ದರ್ಶನದ ಸಾಲು ಮುಗಿಯುವವರೆಗೆ ಐದು ಗಂಟೆ ಅವರು ಒಂದೇ ಕುರ್ಚಿಯಲ್ಲಿ ಕುಳಿತು ಬಂದವರಿಗೆಲ್ಲ ಕೈಮುಗಿದರು. ಅವರು ಅತ್ತದ್ದು ಮೂರನೆಯ ದಿನ, ಅಡುಗೆಮನೆಯಲ್ಲಿ, ಒಬ್ಬರೇ. ಮುಖಂಡರೊಬ್ಬರು ಬಂದು ಹಾರ ಹಾಕುವಾಗ ಛಾಯಾಚಿತ್ರ ಸರಿಯಾಗಿ ಬರಲಿಲ್ಲವೆಂದು ಅದನ್ನು ತೆಗೆದು ಮತ್ತೊಮ್ಮೆ ಹಾಕಿದ್ದನ್ನು ನಾನು ನೋಡಿದ್ದೇನೆ.

ಹೀಗೆ ಬರೆದೆನೆಂದು ಆ ಜನಸಾಗರವನ್ನು ನಾನು ತಿರಸ್ಕರಿಸುತ್ತಿದ್ದೇನೆಂದು ತಿಳಿಯಬಾರದು. ಆ ಸಾಲಿನಲ್ಲಿಯೇ ಒಬ್ಬ ಅಜ್ಜಿ, ಸೆರಗಿನ ಗಂಟಿನಲ್ಲಿ ಮಡಚಿಟ್ಟಿದ್ದ ಒಂದು ಕಾಗದವನ್ನು ಹಿಡಿದುಕೊಂಡು ಬಂದಿದ್ದರು. ಅದು ತಂದೆಯವರು ಹದಿನೆಂಟು ವರ್ಷಗಳ ಹಿಂದೆ ಆಕೆಯ ವಿಧವಾ ವೇತನಕ್ಕಾಗಿ ತಹಶೀಲ್ದಾರರಿಗೆ ಬರೆದುಕೊಟ್ಟಿದ್ದ ಶಿಫಾರಸು ಪತ್ರದ ಪ್ರತಿ. ವೇತನ ಮಂಜೂರಾದ ಮೇಲೆ ಆ ಕಾಗದಕ್ಕೆ ಕೆಲಸವೇನೂ ಇರಲಿಲ್ಲ, ಆದರೂ ಇಟ್ಟುಕೊಂಡಿದ್ದರು. ಅಂದಿನಿಂದ ನಾನು ಅಂಥ ಪತ್ರಗಳನ್ನು ಗಮನಿಸತೊಡಗಿದೆ. ಆ ವಾರ ಒಟ್ಟು ಹನ್ನೊಂದು ಮಂದಿ ತಂದು ತೋರಿಸಿದರು. ಒಬ್ಬರು ಮಾತ್ರ, ತಮಗೆ ಬರೆದುಕೊಟ್ಟ ಪತ್ರದಿಂದ ಕೆಲಸವಾಗಲಿಲ್ಲ, ಆಮೇಲೆ ಅವರು ತಮ್ಮ ಮುಖ ನೋಡಿ ಮಾತನಾಡಿಸಲೂ ಇಲ್ಲ ಎಂದು ನೇರವಾಗಿಯೇ ಹೇಳಿದರು. ಹೇಳಿದ ಮೇಲೂ ಅವರು ತಿಥಿಯ ದಿನದವರೆಗೆ ಬಂದುಹೋಗುತ್ತಿದ್ದರು. ತಂದೆಯವರ ಕುರಿತು ನಾನು ಕೇಳಿದ ಎಲ್ಲ ಭಾಷಣಗಳಿಗಿಂತ ಆ ಮನುಷ್ಯನ ಮಾತು ನನಗೆ ಹೆಚ್ಚು ನೆನಪಿದೆ, ಮತ್ತು ಅದರಿಂದ ನನಗೆ ನೋವಾಗಲಿಲ್ಲ. ನೋವಾದದ್ದು ಎರಡು ವರ್ಷ ಅವರ ಮೇಲೆ ದೂರು ಹೇಳಿಕೊಂಡು ತಿರುಗಿದ್ದವರೊಬ್ಬರು ವೇದಿಕೆಯ ಮೇಲೆ ಅವರನ್ನು ‘ಅಜಾತಶತ್ರು’ ಎಂದು ಕರೆದಾಗ.

ಆದ್ದರಿಂದ ಕಾರ್ಯದರ್ಶಿಗಳಲ್ಲಿ ನನ್ನ ವಿನಂತಿ ಎರಡು. ಸಭೆಗೆ ಮೊದಲು ಮನೆಯವರನ್ನು ಕಂಡು, ಏನು ಮಾಡಲಿದ್ದೀರಿ ಎಂಬುದನ್ನು ತಿಳಿಸಿ. ಏತ ನೀರಾವರಿಯ ಮಾತು ಬರಲಿದೆ ಎಂಬುದನ್ನೂ ಮುಚ್ಚಿಡಬೇಡಿ. ಸತ್ತವರ ಇಚ್ಛೆ ಏನಿತ್ತು ಎಂಬುದನ್ನೂ ಕೇಳಿ. ಜವಾಹರಲಾಲ್ ನೆಹರೂ ಅವರು ತಮ್ಮ ಮರಣಾನಂತರ ಧಾರ್ಮಿಕ ವಿಧಿಗಳು ಬೇಡವೆಂದು ಉಯಿಲಿನಲ್ಲಿ ಸ್ಪಷ್ಟವಾಗಿ ಬರೆದಿಟ್ಟಿದ್ದರೂ 1964ರ ಮೇ ತಿಂಗಳಲ್ಲಿ ವಿಧಿಗಳು ನಡೆದೇ ನಡೆದವು. ಚಿತಾಭಸ್ಮವನ್ನು ವಿಮಾನದಿಂದ ರೈತರ ಹೊಲಗಳ ಮೇಲೆ ಚೆಲ್ಲಬೇಕೆಂಬ ಅವರ ಇನ್ನೊಂದು ಇಚ್ಛೆ ಮಾತ್ರ ನೆರವೇರಿತು. ಪ್ರಧಾನಿಯ ಮಾತೇ ಅರ್ಧ ನಡೆಯಿತೆಂದ ಮೇಲೆ, ನಮ್ಮಂಥವರ ಮನೆಯಲ್ಲಿ ಕೇಳುವವರಾರು ಎಂದು ನಮ್ಮ ತಾಯಿಯವರು ಆಮೇಲೊಮ್ಮೆ ನಕ್ಕಿದ್ದರು.

ಉತ್ತರ 4: ಸಂಜೆಯ ಓದುಗ

ಸತ್ತವರ ಮೇಲೆ ಮಾತಾಡಬಾರದು ಎಂಬುದು ನಮ್ಮ ಹಿರಿಯರು ನಡೆಸಿಕೊಂಡು ಬಂದ ಮರ್ಯಾದೆ. ಉತ್ತರ ಕೊಡಲು ಅವರು ಎದ್ದು ಬರುವುದಿಲ್ಲ. ಏತ ನೀರಾವರಿಯ ವಿಚಾರವಿದ್ದರೆ ಬೇರೆ ದಿನ, ಬೇರೆ ಸಭೆಯಲ್ಲಿ, ಈಗ ಅಧಿಕಾರದಲ್ಲಿರುವವರನ್ನು ಎದುರಿಗೆ ಕೂರಿಸಿಕೊಂಡು ಕೇಳಲಿ. ನುಡಿನಮನಕ್ಕೆ ಆ ಕೆಲಸ ಹಚ್ಚುವುದು ನನಗೆ ಸರಿಕಾಣುವುದಿಲ್ಲ.

ಉತ್ತರ 5: ಅಡಿಟಿಪ್ಪಣಿ

ಸಂಜೆಯ ಓದುಗರ ಮಾತಿನಲ್ಲಿ ಹುರುಳಿದೆ, ಆದರೆ ಅದು ಮೊದಲ ಹದಿಮೂರು ದಿನಗಳಿಗೆ ಸಲ್ಲುವ ಮಾತು. ಕಾರ್ಯದರ್ಶಿಗಳ ಸಭೆ ನಡೆಯುವುದು ಒಂದು ತಿಂಗಳ ಮೇಲೆ. ಖಾಸಗಿ ವ್ಯಕ್ತಿಗೆ ಈ ಮರ್ಯಾದೆ ಎಷ್ಟು ಕಾಲ ಬೇಕಾದರೂ ಸಲ್ಲಲಿ; ಐದು ಬಾರಿ ನಮ್ಮ ಮತ ಪಡೆದವರ ಸಾರ್ವಜನಿಕ ಜೀವನ ನಮ್ಮದೂ ಹೌದು.

ಹೊಗಳಿಕೆಯ ಸಮಸ್ಯೆ ಅದು ಸುಳ್ಳೆಂಬುದಲ್ಲ. ಅದು ಯಾರಿಗಾದರೂ ಹೊಂದುತ್ತದೆಂಬುದು. ‘ಧೀಮಂತ ನಾಯಕ’, ‘ತುಂಬಲಾರದ ನಷ್ಟ’, ‘ಬಡವರ ಬಂಧು’ ಎಂಬ ಮಾತುಗಳನ್ನು ಒಂದು ಫ್ಲೆಕ್ಸಿನಿಂದ ಕಿತ್ತು ಇನ್ನೊಂದಕ್ಕೆ ಅಂಟಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ. ಎಸ್.ಎಂ. ಕೃಷ್ಣ ಅವರನ್ನು ನೆನೆಯುವಾಗ, 1962ರಲ್ಲಿ ಮದ್ದೂರಿನಿಂದ ಪಕ್ಷೇತರರಾಗಿ ಗೆದ್ದು ಬಂದರು, 1999ರಿಂದ 2004ರವರೆಗಿನ ಅವರ ಆಡಳಿತದಲ್ಲಿ ಪಹಣಿ ಗಣಕೀಕರಣದ ‘ಭೂಮಿ’, ಸಹಕಾರಿ ರೈತರ ಆರೋಗ್ಯಕ್ಕೆ ‘ಯಶಸ್ವಿನಿ’, ಶಾಲಾ ಮಕ್ಕಳ ಬಿಸಿಯೂಟ ಬಂದವು ಎಂದು ಹೇಳಿದರೆ ಅದು ಅವರೊಬ್ಬರಿಗೇ ಹೊಂದುವ ಮಾತು. ಅದೇ ಅವಧಿಯಲ್ಲಿ ಸಾಲುಸಾಲು ಬರಗಾಲ ಬಂದಿತು, ಕಾವೇರಿಯ ಬಿಕ್ಕಟ್ಟು ಬಂದಿತು, 2000ರಲ್ಲಿ ಡಾ. ರಾಜ್‌ಕುಮಾರ್ ಅವರ ಅಪಹರಣದ 108 ದಿನಗಳನ್ನು ನಾಡು ಉಸಿರು ಬಿಗಿಹಿಡಿದು ಕಳೆಯಿತು, 2004ರ ಚುನಾವಣೆಯಲ್ಲಿ ಅವರ ಪಕ್ಷ ಬಹುಮತ ಕಳೆದುಕೊಂಡಿತು ಎಂಬುದನ್ನೂ ಸೇರಿಸಿದರೆ ಆ ಸ್ಮರಣೆ ಕುಗ್ಗುವುದಿಲ್ಲ. 2017ರಲ್ಲಿ ಅವರು ಬಿಜೆಪಿ ಸೇರಿದ್ದರು. ಅವರಿಗೆ ಸರ್ಕಾರಿ ಗೌರವ ಸಲ್ಲಿಸಿದ್ದು ಕಾಂಗ್ರೆಸ್ ಸರ್ಕಾರ. ಕಾರ್ಯದರ್ಶಿಗಳ ತಂದೆಯವರು ಆ ರಾತ್ರಿ ಊಟ ಬಿಟ್ಟದ್ದನ್ನು ಓದಿದಾಗ ನನಗೆ ಕೃಷ್ಣ ಅವರ ಹುಟ್ಟೂರಾದ ಸೋಮನಹಳ್ಳಿಯಲ್ಲಿ ನಡೆದ ಅಂತ್ಯಕ್ರಿಯೆಯ ಆ ದೃಶ್ಯ ನೆನಪಾಯಿತು.

ದೇವರಾಜ ಅರಸು ಅವರ ಉದಾಹರಣೆ ಇನ್ನೂ ತೀಕ್ಷ್ಣವಾದದ್ದು. 1982ರ ಜೂನ್ 6ರಂದು ಅವರು ತೀರಿಕೊಂಡಾಗ ಅಧಿಕಾರದಲ್ಲಿರಲಿಲ್ಲ, ಕಟ್ಟಿದ ಪಕ್ಷ ಸೋತಿತ್ತು, ತುರ್ತು ಪರಿಸ್ಥಿತಿಯ ಕಾಲದ ಆಡಳಿತದ ನೆನಪೂ ಭ್ರಷ್ಟಾಚಾರದ ಆರೋಪಗಳ ಕುರಿತ ಗ್ರೋವರ್ ಆಯೋಗದ ವಿಚಾರಣೆಯ ನೆನಪೂ ಹಸಿಯಾಗಿದ್ದವು. ಆ ದಿನದ ಲೆಕ್ಕದಲ್ಲಿ ಅವರನ್ನು ಅಳೆದಿದ್ದರೆ ತಪ್ಪಾಗುತ್ತಿತ್ತು. 1974ರ ಭೂಸುಧಾರಣೆಯಿಂದ ಉಳುವ ಹೊಲ ತಮ್ಮದೇ ಆದ ಗೇಣಿದಾರರ ಮಕ್ಕಳು, ಹಿಂದುಳಿದ ವರ್ಗಗಳ ಕುರಿತ ಹಾವನೂರು ಆಯೋಗದ ವರದಿಯಿಂದ ಓದು ಮತ್ತು ನೌಕರಿ ಸಿಕ್ಕಿದವರು ದೊಡ್ಡವರಾಗುತ್ತ ಹೋದಂತೆ ಆ ಲೆಕ್ಕವನ್ನು ತಾವೇ ತಿದ್ದಿದರು. ಇಂದು ರಾಜ್ಯ ಸರ್ಕಾರ ಅವರ ಜನ್ಮದಿನವಾದ ಆಗಸ್ಟ್ 20ನ್ನು ಪ್ರತಿವರ್ಷ ಆಚರಿಸುತ್ತದೆ. ತುರ್ತು ಪರಿಸ್ಥಿತಿಯ ಮಾತನ್ನು ಯಾರೂ ಅಳಿಸಿಲ್ಲ. ಅದರ ಜೊತೆಗೇ ಉಳಿದದ್ದು ಉಳಿದಿದೆ.

ಈಗ ತಮ್ಮ ಸಭೆಯ ವಿಚಾರ. ವಿಧಾನಮಂಡಲದಲ್ಲಿ ಅಧಿವೇಶನದ ಆರಂಭಕ್ಕೆ ಸಂತಾಪ ಸೂಚನೆ ಮಂಡಿಸುವುದನ್ನು ತಾವು ಕೇಳಿರಬಹುದು. ಹುಟ್ಟಿದ ದಿನ, ಊರು, ಓದು, ಎಷ್ಟು ಬಾರಿ ಎಲ್ಲಿಂದ ಆಯ್ಕೆ, ಯಾವ ಹುದ್ದೆ ಎಂದು ಸಭಾಧ್ಯಕ್ಷರು ಒಣಒಣವಾಗಿ ಓದುತ್ತಾರೆ. ಆಮೇಲೆ ಆಡಳಿತ ಪಕ್ಷದವರೂ ವಿರೋಧ ಪಕ್ಷದವರೂ ಮಾತನಾಡುತ್ತಾರೆ. ಎಲ್ಲರೂ ಎದ್ದು ನಿಂತು ಮೌನ ಆಚರಿಸುತ್ತಾರೆ. ಆ ಒಣತನವೇ ನನಗೆ ಇಷ್ಟ. ಅದರಲ್ಲಿ ವಿಶೇಷಣಗಳು ಕಡಿಮೆ, ಮತ್ತು ಎದುರಾಳಿಗೆ ಮಾತಿನ ಹಕ್ಕಿದೆ. ಅದನ್ನೇ ಮಾದರಿಯಾಗಿಟ್ಟುಕೊಳ್ಳಬಹುದು. ಅದಕ್ಕೆ ಒಂದನ್ನು ಸೇರಿಸಬೇಕೆಂದು ನನ್ನ ಸಲಹೆ: ಭಾಷಣಗಳನ್ನು ಕಡಿಮೆ ಮಾಡಿ, ಅವರೇ ಆಡಿದ ಮಾತುಗಳನ್ನು ಓದಿಸಿ. ವಿಧಾನಸಭೆಯ ನಡವಳಿಗಳು ಮುದ್ರಿತವಾಗಿವೆ, ಅಂತರ್ಜಾಲದಲ್ಲಿಯೂ ಇವೆ. ಐದು ಅವಧಿಯಲ್ಲಿ ಅವರು ಕ್ಷೇತ್ರದ ಬಗ್ಗೆ ಯಾವ ಪ್ರಶ್ನೆ ಕೇಳಿದರು, ಯಾವ ಮಸೂದೆಯ ಮೇಲೆ ಏನು ಹೇಳಿದರು, ಯಾವಾಗ ಸುಮ್ಮನಿದ್ದರು ಎಂಬುದೆಲ್ಲ ಅಲ್ಲಿ ಸಿಗುತ್ತದೆ. ಏತ ನೀರಾವರಿಯ ಬಗ್ಗೆ ಅವರು ಸದನದಲ್ಲಿ ಮಾತನಾಡಿದ್ದರೆ ಅದನ್ನೇ ಓದಿ. ಆಗ ಸತ್ತವರು ಉತ್ತರ ಕೊಡಲಾರರು ಎಂಬ ಆಕ್ಷೇಪವೂ ಉಳಿಯುವುದಿಲ್ಲ. ಅವರದೇ ಉತ್ತರವನ್ನು ಅವರದೇ ಮಾತಿನಲ್ಲಿ ಕೊಟ್ಟಂತಾಗುತ್ತದೆ.

ಉತ್ತರ 6: ವೃತ್ತದ ಮೂಲೆ

ಪ್ರತಿಮೆಯ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ನಾನು ಹೇಳುತ್ತೇನೆ. ಬಸ್ ನಿಲ್ದಾಣದ ಎದುರಿನ ವೃತ್ತ ಎಂದಿದ್ದೀರಿ. ಸಾರ್ವಜನಿಕ ರಸ್ತೆ, ಪಾದಚಾರಿ ಮಾರ್ಗ ಮುಂತಾದ ಜಾಗಗಳಲ್ಲಿ ಪ್ರತಿಮೆ ಅಥವಾ ಕಟ್ಟಡಕ್ಕೆ ರಾಜ್ಯಗಳು ಅನುಮತಿ ನೀಡಬಾರದೆಂದು ಸುಪ್ರೀಂ ಕೋರ್ಟ್ 2013ರ ಜನವರಿ 18ರಂದು ಆದೇಶಿಸಿದೆ. ಆ ಆದೇಶಕ್ಕೆ ಕಾರಣವಾದದ್ದೂ ಕೇರಳದಲ್ಲಿ ದಿವಂಗತ ರಾಜಕಾರಣಿಯೊಬ್ಬರ ಪ್ರತಿಮೆಯನ್ನು ರಸ್ತೆಯಲ್ಲಿ ನಿಲ್ಲಿಸುವ ಪ್ರಸ್ತಾವವೇ. ಹಾಗಾಗಿ ಠರಾವು ಮಾಡುವುದು ಸುಲಭ, ಅನುಮತಿ ಸಿಗುವುದು ಕಷ್ಟ.

ಜಾಗದ ಜಗಳ ನಮ್ಮ ತಾಲ್ಲೂಕುಗಳದಷ್ಟೇ ಅಲ್ಲ. ದೆಹಲಿಯಲ್ಲಿ ಯಮುನೆಯ ದಂಡೆಯುದ್ದಕ್ಕೂ ಶಾಂತಿವನ, ವಿಜಯ ಘಾಟ್, ಶಕ್ತಿ ಸ್ಥಳ, ವೀರಭೂಮಿ, ಕಿಸಾನ್ ಘಾಟ್, ಸಮತಾ ಸ್ಥಳ ಎಂದು ಒಬ್ಬೊಬ್ಬರಿಗೆ ಒಂದೊಂದು ಸಮಾಧಿ ಸ್ಥಳವಾದ ಮೇಲೆ, ಎಲ್ಲರಿಗೂ ಸಾಮಾನ್ಯವಾದ ರಾಷ್ಟ್ರೀಯ ಸ್ಮೃತಿ ಸ್ಥಳವನ್ನು 2013ರಲ್ಲಿ ಗೊತ್ತುಮಾಡಬೇಕಾಯಿತು. ಪಿ.ವಿ. ನರಸಿಂಹರಾವ್ ಅವರ ಅಂತ್ಯಕ್ರಿಯೆ 2004ರಲ್ಲಿ ದೆಹಲಿಯಲ್ಲಿ ನಡೆಯದೆ ಹೈದರಾಬಾದಿನಲ್ಲಿ ನಡೆದುದರ ಬಗ್ಗೆ ಇಂದಿಗೂ ಮಾತು ನಿಂತಿಲ್ಲ. 2018ರ ಆಗಸ್ಟ್ 7ರಂದು ಎಂ. ಕರುಣಾನಿಧಿ ತೀರಿಕೊಂಡಾಗ ಚೆನ್ನೈನ ಮರೀನಾ ಕಡಲತೀರದಲ್ಲಿ, ಸಿ.ಎನ್. ಅಣ್ಣಾದುರೈ ಅವರ ಸಮಾಧಿಯ ಬಳಿ ಜಾಗ ಕೊಡಲು ಅಂದಿನ ಸರ್ಕಾರ ಒಪ್ಪಲಿಲ್ಲ. ಮದ್ರಾಸ್ ಹೈಕೋರ್ಟ್ ರಾತ್ರಿಯೇ ವಿಚಾರಣೆ ನಡೆಸಿ, ಮರುದಿನ ಬೆಳಿಗ್ಗೆ ಅನುಮತಿ ನೀಡಿತು.

ಹೆಸರಿಡುವುದರಿಂದಲೂ ನೆನಪು ಉಳಿಯುತ್ತದೆಂಬ ಭರವಸೆಯಿಲ್ಲ. ವಿಧಾನಸೌಧವನ್ನು ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರ ಹೆಸರಿನ ರಸ್ತೆಯನ್ನು ಬೆಂಗಳೂರಿಗರು ಈಗಲೂ ಡಬಲ್ ರೋಡ್ ಎಂದೇ ಕರೆಯುತ್ತಾರೆ. ವಿಧಾನಸೌಧದ ಮುಂದೆ ನಿಂತವರಿಗೆ ಮಾತ್ರ ಅವರು ನೆನಪಾಗುತ್ತಾರೆ. ಶಾಂತವೇರಿ ಗೋಪಾಲಗೌಡರು ಮೂರು ಬಾರಿ ಶಾಸಕರಾದರೂ ಒಮ್ಮೆಯೂ ಸಚಿವರಾಗಲಿಲ್ಲ, 1972ರಲ್ಲಿ ತಮ್ಮ 49ನೆಯ ವಯಸ್ಸಿನಲ್ಲಿ ತೀರಿಕೊಂಡರು. ಗುಮಾಸ್ತರು ಹೇಳಿದ ಧ್ವಜದ ಪಟ್ಟಿಯಲ್ಲಿ ಅಂಥವರಿಗೆ ಜಾಗವಿಲ್ಲ. ಆದರೆ ಗೇಣಿದಾರ ರೈತರ 1951ರ ಕಾಗೋಡು ಸತ್ಯಾಗ್ರಹದ ಮಾತು ಬಂದಾಗಲೆಲ್ಲ ಅವರ ಹೆಸರು ತಾನಾಗಿ ಬರುತ್ತದೆ.

ಇನ್ನೊಂದು ಎಚ್ಚರಿಕೆ. ಅಗಲಿದವರ ಮಗನೋ ಸೊಸೆಯೋ ಮುಂದಿನ ಚುನಾವಣೆಗೆ ನಿಲ್ಲುವವರಿದ್ದರೆ ತಮ್ಮ ವೇದಿಕೆ ಅವರದಾಗದಂತೆ ನೋಡಿಕೊಳ್ಳಿ. ಅನುಕಂಪದ ಅಲೆಯನ್ನು ನಂಬಿದವರಿಗೆ ನಮ್ಮ ರಾಜ್ಯವೇ ಒಂದು ಪಾಠ ಕಲಿಸಿದೆ. ಇಂದಿರಾ ಗಾಂಧಿಯವರ ಹತ್ಯೆಯ ನಂತರ 1984ರ ಡಿಸೆಂಬರ್‌ನಲ್ಲಿ ನಡೆದ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕದ 28 ಸ್ಥಾನಗಳಲ್ಲಿ 24 ಕಾಂಗ್ರೆಸ್ಸಿಗೆ ಹೋದವು. ಮೂರೇ ತಿಂಗಳ ನಂತರ, 1985ರ ಮಾರ್ಚ್‌ನಲ್ಲಿ, ಅದೇ ಮತದಾರರು ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷಕ್ಕೆ 139 ವಿಧಾನಸಭಾ ಸ್ಥಾನಗಳನ್ನು ಕೊಟ್ಟರು.

ಬಳಗದ ಕಾರ್ಯದರ್ಶಿ (ಮೂಲ ಪ್ರಶ್ನೆ ಕೇಳಿದವರು)

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಸಮಿತಿ ಮತ್ತೆ ಸೇರಿತ್ತು. ಧ್ವಜದ ಸೂಚನೆಯನ್ನು ಕೈಬಿಟ್ಟೆವು. ಪ್ರತಿಮೆಯ ಠರಾವನ್ನು, ನ್ಯಾಯಾಲಯದ ಆದೇಶವನ್ನು ಓದಿ ಹೇಳಿದ ಮೇಲೆ, ಹಿರಿಯರು ತಾವಾಗಿ ಹಿಂದಕ್ಕೆ ಪಡೆದರು; ಒಬ್ಬರು ಮಾತ್ರ ಸಿಟ್ಟಿನಿಂದ ಎದ್ದುಹೋದರು. ವೇದಿಕೆಯ ಮೇಲೆ ಯಾವ ಪಕ್ಷದವರಿಗೂ ಕುರ್ಚಿ ಇರುವುದಿಲ್ಲ. ಸಂಜೆಯ ಓದುಗರ ಮಾತಿಗೂ ಬೆಲೆ ಕೊಟ್ಟು, ಅಂದು ಪ್ರಶ್ನೋತ್ತರ ಇರುವುದಿಲ್ಲವೆಂದು ತೀರ್ಮಾನಿಸಿದ್ದೇವೆ. ಓದು ಮಾತ್ರ ಇರುತ್ತದೆ.

ಅವರ ಮನೆಗೆ ನಾನೂ ಇನ್ನೊಬ್ಬರೂ ಹೋಗಿದ್ದೆವು. ವಿಷಯ ತಿಳಿಸಿದಾಗ ಅವರ ಪತ್ನಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಒಳಗೆ ಹೋಗಿ ಹಳೆಯ ಕಬ್ಬಿಣದ ಪೆಟ್ಟಿಗೆಯೊಂದನ್ನು ತರಿಸಿದರು. ಅದರಲ್ಲಿ ಸದನದ ನಡವಳಿಯ ಹಾಳೆಗಳನ್ನು ಅವರೇ ಕೈಯಾರೆ ಪಿನ್ ಮಾಡಿ ಇಟ್ಟುಕೊಂಡಿದ್ದರು. ಮೊದಲ ಅವಧಿಯ ಎರಡನೆಯ ವರ್ಷದಲ್ಲಿ ಕೇಳಿದ ಒಂದು ಪ್ರಶ್ನೆಯ ಕೆಳಗೆ ಕೆಂಪು ಶಾಯಿಯ ಗೆರೆ ಇದೆ. ಮಳೆಗಾಲದಲ್ಲಿ ಶಾಲೆಗೆ ಹೋಗುವ ಮಕ್ಕಳು ಹಳ್ಳ ದಾಟಲಾಗದೆ ಹಿಂದಿರುಗುತ್ತಾರೆ, ಅಲ್ಲಿ ಕಿರುಸೇತುವೆ ಯಾವಾಗ ಆಗುತ್ತದೆ ಎಂದು ಅವರು ಕೇಳಿದ್ದಾರೆ. ಅಂದಾಜು ಪಟ್ಟಿ ತಯಾರಾಗುತ್ತಿದೆ ಎಂದು ಉತ್ತರ ಬಂದಿದೆ. ಅದೇ ಹಳ್ಳದ ಬಗ್ಗೆ ಇನ್ನೆರಡು ಸಲ ಕೇಳಿದ್ದಾರೆ. ತಾವೇ ಸಚಿವರಾಗಿದ್ದ ಅವಧಿಯ ಹಾಳೆಗಳಲ್ಲಿ ಅದರ ಪ್ರಸ್ತಾಪ ಎಲ್ಲಿಯೂ ಇಲ್ಲ. ಏತ ನೀರಾವರಿಯ ಕುರಿತೂ ನಾಲ್ಕು ಪುಟ ಸಿಕ್ಕಿವೆ.

ಆ ಹಳ್ಳಕ್ಕೆ ಸೇತುವೆ ಇಂದಿಗೂ ಆಗಿಲ್ಲ. ಆ ಮೂರು ಪ್ರಶ್ನೆಗಳನ್ನೂ ಮೂರು ಉತ್ತರಗಳನ್ನೂ ಅಂದು ಓದುವವರು ನಮ್ಮ ತಂದೆಯವರು. ಒಪ್ಪಿಸಲು ಎರಡು ದಿನ ಬೇಕಾಯಿತು, ಈಗ ಕನ್ನಡಕ ಬದಲಾಯಿಸಿಕೊಡು ಎಂದು ನನ್ನನ್ನು ಅವಸರಪಡಿಸುತ್ತಿದ್ದಾರೆ.